ಆಲದಮರ ಸ್ಟಾಪು

ಕೇಳ್ರಪ್ಪಾ, ನಗೋದಾದ್ರೆ ಕಡೇಲಿ ನಗಿ. ಕೆಂಪಾಜಮ್ಮನಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಅವನ ರೋಗ. ಹನ್ನೊಂದು ಕಡೆ ಕೆಲಸಕ್ಕೆ ಸೇರಿ ಹನ್ನೊಂದು ಕಡೆಯಿಂದಲೂ ಹೊರಗೆ ಬಿದ್ದಿದ್ದ. ಹನ್ನೆರಡನೇದು ಕಂಡಕ್ಟರ್ ಕೆಲಸ. ಅರವತ್ತು ವರ್ಷದ ಕೆಂಪು ಬಸ್ಸೊಂದನ್ನ ರಿಪೇರಿ ಮಾಡಿ ಭಾನುವಾರ ಭಾನುವಾರ ಸಿಟಿ ರೂಟಿಗೆ ಬಿಡ್ತಿದ್ರು. ಇದಾದ್ರೂ ಉಳೀಲಿ ಅಂತ ಅವ್ವ ಮೂರು ದೇವರಿಗೆ ಹರಕೆ ಹೊತ್ತಳು.

"ಮುದಿ ಬಸ್ಸು ಮಗಾ, ನಿಮ್ಮ ತಾತನ್ನ ನೋಡ್ಕೊಂಡಂಗೆ ನೋಡ್ಕೋ" ಅಂದಳು. ತಾತನಿಗೆ ಬೆಳಿಗ್ಗೆ ರಾಗಿ ಗಂಜಿ ಕುಡಿಸ್ತಿದ್ದ. ರೇಡಿಯೇಟರಿಗೂ ಒಂದು ಚೊಂಬು ಕುಡಿಸಿದ. ಬಸ್ಸು ಮಾರ್ಕೆಟ್ ಹತ್ರ ಬುಸುಗುಟ್ಟಿ ನಿಂತ್ಕೊಳ್ತು. ಡ್ರೈವರ್ ಜಬ್ಬಾರ್ ಸಾಬ್ರು ಅವನ ಜನ್ಮ ಜಾಲಾಡಿ, ಇನ್ಮೇಲೆ ನನ್ನ ಕೇಳದೆ ಏನೂ ಮಾಡಬೇಡ ಅಂದ್ರು.

ಸರಿ. ಮುಂದಿನ ವಾರ ಒಂದಜ್ಜಿ ಇಳೀಬೇಕು ಅಂದ್ಲು. ಬೋರಲಿಂಗ ಸೀಟಿ ಊದಲಿಲ್ಲ. ಹಿಂದಿನ ಬಾಗಿಲಿಂದ ಜನರನ್ನ ನೂಕ್ಕೊಂಡು ಮುಂದಕ್ಕೆ ಹೋಗಿ, ಊದ್ಲಾ ಸಾಬ್ರೇ ಅಂತ ಕೇಳಿದ. ಅಷ್ಟರಲ್ಲಿ ಎರಡು ಸ್ಟಾಪು ದಾಟಿತ್ತು. ದಿನವೆಲ್ಲ ಹಿಂಗೇ. ಸಾಬ್ರು ಹಣೆ ಚಚ್ಕೊಂಡು, ಬಸ್ಸೊಳಗಿನ ಬೋರ್ಡಲ್ಲಿ ಬರೆದಿರೋ ಸ್ಟಾಪು ಬಂದ ತಕ್ಷಣ ಯಾರನ್ನೂ ಕೇಳದೆ ಊದು ಅಂದ್ರು.

ಮೂರನೇ ವಾರ ಡಿಪೋದ ದೊಡ್ಡ ಸಾಹೇಬ್ರು ಪರೀಕ್ಷೆ ಮಾಡೋಕೆ ಅಂತ ಬಸ್ಸು ಹತ್ತಿದ್ರು. ಅವರು ಹೂಂ ಅಂದ್ರೆ ಬಸ್ಸು ರೋಡಲ್ಲಿ; ಊಹೂಂ ಅಂದ್ರೆ ಬಸ್ಸು ಮ್ಯೂಸಿಯಮ್ಮಲ್ಲಿ, ಬೋರಲಿಂಗ ಮನೇಲಿ. ಅವ್ವನೂ ಜೀವ ಕೈಯಲ್ಲಿ ಹಿಡ್ಕೊಂಡು ಹಿಂದಿನ ಸೀಟಲ್ಲಿ ಕೂತಿದ್ಲು.

ಬೋರ್ಡು ಬಸ್ಸಿನಷ್ಟೇ ಹಳೇದು, ಚೆಂದಕ್ಕೆ ಅಂತ ಹಂಗೇ ಬಿಟ್ಟಿದ್ರು. ಅದರಲ್ಲಿ ಮಾರ್ಕೆಟ್ ಆದಮೇಲೆ ಆಲದಮರ. ಆ ಮರ ಕಡಿದು ಫ್ಲೈಓವರ್ ಎದ್ದು ಇಪ್ಪತ್ತು ವರ್ಷ ಆಗಿತ್ತು. ಮರ ಎಲ್ಲಿತ್ತು ಅಂತ ಬೋರಲಿಂಗ ಹಿಂದಿನ ದಿನವೇ ಮುದುಕರನ್ನ ವಿಚಾರಿಸ್ಕೊಂಡಿದ್ದ. ಫ್ಲೈಓವರ್ ನಡುಮಧ್ಯೆ ಪೀ ಅಂತ ಊದಿದ. ಒಂದು ಸೀಟಿ ಕೇಳಿದ್ರೆ ಸಾಬ್ರ ಕಾಲು ತಾನಾಗಿ ಬ್ರೇಕಿಗೆ ಹೋಗ್ತದೆ, ನಲವತ್ತು ವರ್ಷದ ರೂಢಿ.

ಹಿಂದೆ ನೂರು ಗಾಡಿಯ ಹಾರನ್ನು. ಬೋರಲಿಂಗ ಎದೆಯುಬ್ಬಿಸಿ, ಆಲದಮರ ಇಳಿಯೋರು ಇಳ್ಕೊಳ್ಳಿ ಅಂತ ಕೂಗಿದ. ಯಾರೂ ಅಲ್ಲಾಡಲಿಲ್ಲ. ಸಾಹೇಬ್ರ ಮುಖ ಕೆಂಪಗಾಯ್ತು.

"ನಿಲ್ಸಿದ್ಮೇಲೆ ಒಬ್ಬನಾದ್ರೂ ಇಳೀಬೇಕಲ್ಲಯ್ಯ!" ಅಂತ ಗದರಿದ್ರು.

ಹೌದಲ್ವಾ ಅಂದ್ಕೊಂಡ ಬೋರಲಿಂಗ, ತಾನೇ ಇಳಿದು ಎರಡು ಸೀಟಿ ಊದಿ ರೈಟ್ ರೈಟ್ ಅಂದ. ಬಸ್ಸು ಹೊರಟೇ ಹೋಯ್ತು.

ಹಿಂದಿನ ಗಾಜಲ್ಲಿ ಅವನನ್ನ ನೋಡಿ ಸಾಹೇಬ್ರು ಹೊಟ್ಟೆ ಹಿಡ್ಕೊಂಡು ನಕ್ಕರು. ಚಿಕ್ಕವರಿದ್ದಾಗ ಸ್ಕೂಲಿಗೆ ಅವರು ಅದೇ ಆಲದಮರ ಸ್ಟಾಪಲ್ಲಿ ಇಳೀತಿದ್ರಂತೆ. ಬಸ್ಸು ಓಡ್ಲಿ, ಹುಡುಗನೂ ಇರ್ಲಿ ಅಂತ ಅಲ್ಲೇ ರುಜು ಹಾಕಿದ್ರು. ಅವ್ವ ಕಣ್ಣೊರೆಸ್ಕೊಂಡು ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಓಡಿ ಬಂದಳು. ಕೆಲಸ ಉಳೀತು, ಬಸ್ಸು ಹತ್ತಿ ನಡಿ ಮನೆಗೆ ಅಂದಳು.

"ಹೆಂಗೆ ಬರ್ಲವ್ವ? ಇಲ್ಲಿಂದ ನಮ್ಮ ಬಸ್ಸಿರೋದು ಬರೋ ಭಾನುವಾರಕ್ಕೆ" ಅಂದ ಬೋರಲಿಂಗ, ಫ್ಲೈಓವರ್ ಬದಿಯ ಗೋಡೆಗೆ ಒರಗಿ ಕೂತ.

ಆ ವಾರವೆಲ್ಲ ಅವ್ವ ಮುದ್ದೆ ಸಾರು ಹೊತ್ತಿದ್ದು ಫ್ಲೈಓವರಿಗೇ.