ಗೌಡರ ಕಡೆಯವ, ಮೇಸ್ತ್ರಿಯ ಕಡೆಯವ

ಊರಿನ ಸಂಘದವರು ಸಮುದಾಯ ಭವನ ಕಟ್ಟಿಸಲು ಟೆಂಡರ್ ಕರೆದಿದ್ದರು. ದೊಡ್ಡ ಗುತ್ತಿಗೆದಾರ ವೀರಭದ್ರಗೌಡರ ದರ ಕಡಿಮೆಯಿತ್ತು. ದ್ಯಾಮಣ್ಣ ಮೇಸ್ತ್ರಿಯದು ತುಸು ಜಾಸ್ತಿ.

ಅಧ್ಯಕ್ಷ ಶಂಕ್ರಪ್ಪನವರು ಮೀಸೆ ತಿರುವಿದರು. "ನಿನಗ್ಯಾಕ ಕೆಲಸ ಕೊಡಬೇಕು? ಒಂದ ಮಾತಿನ್ಯಾಗ ಹೇಳು, ಇಲ್ಲಾಂದ್ರ ನಡಿ."

ದ್ಯಾಮಣ್ಣ ಕೈ ಮುಗಿದ. "ನಾ ಏನ್ ಹೇಳ್ಲಿ ಸಾಹೇಬ್ರ? ಪಕ್ಕದೂರಾಗ ಗೌಡ್ರು ಕಟ್ಟಿದ ಶಾಲಿ ಐತಿ. ಅದರ ಎದುರಿಗೇ ನಾ ಕಟ್ಟಿದ ಹಾಲಿನ ಡೇರಿ ಐತಿ. ಎರಡೂ ಕಡೆ ಹೋಗಿ, ಕಟ್ಟಿದವರ ಕಡೆಯವರು ಅಂತ ಹೇಳ್ಕೊಂಡು ನೋಡ್ರಿ."

ಹೇಳಿಕೊಂಡರೆ ಏನಾದೀತು? ಅಧ್ಯಕ್ಷರಿಗೆ ಕುತೂಹಲ ತಡೆಯಲಾಗಲಿಲ್ಲ. ಮರುದಿನ ಜಿಟಿಜಿಟಿ ಮಳೆಯಲ್ಲೇ ಹೊರಟರು.

ಶಾಲೆಯಲ್ಲಿ "ನಾನು ಗೌಡರ ಕಡೆಯವ" ಅಂದದ್ದೇ ತಡ, ಹೆಡ್‌ಮಾಸ್ತರರು ಅವರ ಕೈ ಗಟ್ಟಿಯಾಗಿ ಹಿಡಿದರು. "ವರ್ಷಾತು, ಗೌಡ್ರು ನಮ್ಮ ಫೋನ್ ಎತ್ತಿಲ್ಲ. ಬರ್ರಿ ಒಳಗ!" ಸೋರುವ ಕೋಣೆಗೆ ಎಳೆದೊಯ್ದು ಹೊರಗಿನಿಂದ ಚಿಲಕ ಹಾಕಿದರು. "ಗೌಡ್ರು ಬಂದು ರಿಪೇರಿ ಮಾಡಿಸೋತನಕ ಇಲ್ಲೇ ಇರ್ರಿ."

"ನಾ ಸಂಘದ ಅಧ್ಯಕ್ಷ!" ಎಂದು ಎಷ್ಟು ಕೂಗಿದರೂ ಯಾರೂ ನಂಬಲಿಲ್ಲ. ಬೋಳುತಲೆಯ ಮೇಲೆ ನೀರು ತೊಟ್ಟಿಕ್ಕುತ್ತಲೇ ಇತ್ತು. ಕಡೆಗೆ ಅವರಿಗೊಂದು ಉಪಾಯ ಹೊಳೆಯಿತು. ಕಿಟಕಿಯ ಸರಳು ಹಿಡಿದು ಎದುರಿನ ಡೇರಿಯತ್ತ ಕೂಗಿದರು: "ಯಪ್ಪಾ, ನಾ ದ್ಯಾಮಣ್ಣ ಮೇಸ್ತ್ರಿ ಕಡೆಯವನ್ರೀ!"

ಡೇರಿಯವರು ಓಡಿ ಬಂದರು. ಹೆಡ್‌ಮಾಸ್ತರರನ್ನು ಒಪ್ಪಿಸಿ, ಚಿಲಕ ತೆಗೆಸಿ ಕರೆದೊಯ್ದರು. ಒಣ ನೆಲದ ಮೇಲೆ ಕುರ್ಚಿ ಹಾಕಿ, ಗಟ್ಟಿ ಹಾಲಿನ ಚಹಾ ಕೊಟ್ಟರು.

"ಮೇಸ್ತ್ರಿಗೆ ಫೋನ್ ಮಾಡ್ತೀವಿ, ಏನರ ಹೇಳೂದೈತೇನ್ರಿ?" ಎಂದು ಡೇರಿಯವರು ಕೇಳಿದರು.

ಅಧ್ಯಕ್ಷರು ತಲೆ ಒರೆಸಿಕೊಂಡರು. "ನಾಳೆನೇ ಬುನಾದಿ ತೋಡಾಕ ಬಾ ಅಂತ ಹೇಳ್ರಿ."