ಒಳಗಿನಿಂದ ನೆಟ್ಟಗಿದ್ದ ಗೋಡೆ

"ಗುರುಗಳೇ, ಒಬ್ಬನ ಮನಸ್ಸಿನಲ್ಲಿ ಸಿಟ್ಟೇ ಇಲ್ಲದಿರುವಾಗ ಇನ್ನೊಬ್ಬನಿಗೆ ಅವನಿಂದ ನೋವಾಗಲು ಸಾಧ್ಯವೇ?" ಎಂದು ಶಂಭುಲಿಂಗ ಕೇಳಿದ.

ಅವರವರ ಕೊಡವನ್ನು ಅವರವರೇ ತುಂಬಿಕೊಳ್ಳಬೇಕೆಂಬುದು ಆ ಮಠದ ಕಟ್ಟಳೆ. ಎರಡು ವರ್ಷದ ಹಿಂದೆ ಜೊತೆಯ ಶಿಷ್ಯ ಅಡಿವೆಯ್ಯ ಬಾವಿಕಟ್ಟೆಯ ಮೇಲೆ ಹತ್ತು ಜನರ ಮುಂದೆ, "ನೀರು ಸೇದುವ ಹೊತ್ತಿಗೆ ಸರಿಯಾಗಿ ಈ ಮಹಾನುಭಾವ ಧ್ಯಾನಕ್ಕೆ ಕೂರುತ್ತಾನೆ" ಎಂದು ಶಂಭುಲಿಂಗನನ್ನು ಮೂದಲಿಸಿದ್ದ. ಶಂಭುಲಿಂಗ ತಿರುಗಿ ಒಂದು ಮಾತೂ ಆಡದೆ ಎದ್ದುಹೋಗಿದ್ದ. ಅಂದಿನಿಂದ ಅವನು ಬಾವಿಯ ಕಡೆ ಮುಖ ಹಾಕಿರಲಿಲ್ಲ. ಅಡಿವೆಯ್ಯನೊಡನೆ ಮಾತೂ ಇರಲಿಲ್ಲ. ಮೊನ್ನೆ ಅಡಿವೆಯ್ಯ ಗುರುಗಳ ಮುಂದೆ ಅತ್ತು, ಇದನ್ನು ಇನ್ನು ತಾಳಲಾರೆ, ನನ್ನನ್ನು ಬೇರೆ ಮಠಕ್ಕೆ ಕಳಿಸಿಬಿಡಿ ಎಂದಿದ್ದ.

"ನಾನು ನನ್ನೊಳಗೆ ಚೆನ್ನಾಗಿ ಹುಡುಕಿ ನೋಡಿದ್ದೇನೆ. ಎಲ್ಲವೂ ನೆಟ್ಟಗಿದೆ. ಅವನು ಹೋಗುವುದಾದರೆ ಹೋಗಲಿ" ಎಂದ ಶಂಭುಲಿಂಗ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನದು ಅಜ್ಜನ ಕಾಲದ ಮನೆ. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪಕ್ಕದ ಮನೆ ಅವನ ತಮ್ಮನದು. ಮಾಳಿಗೆಯ ಮಳೆನೀರು ಒಂದು ಕಲ್ಲಿನ ದೋಣಿಯಿಂದ ತಮ್ಮನ ಅಂಗಳಕ್ಕೆ ಬೀಳುತ್ತಿತ್ತು. ಅದು ಅಜ್ಜನೇ ಮಾಡಿಟ್ಟ ಏರ್ಪಾಡು. ಒಂದು ಮಳೆಗಾಲದಲ್ಲಿ ಆ ನೀರು ತಮ್ಮನ ಮೇವಿನ ಬಣವೆಗೆ ನುಗ್ಗಿತು. ತಮ್ಮ ಬೀದಿಯಲ್ಲಿ ನಿಂತು, ನಾಲ್ಕು ಜನರ ಎದುರು, ಬಾಯಿಗೆ ಬಂದಂತೆ ಅಂದ. ವ್ಯಾಪಾರಿ ತುಟಿ ಬಿಚ್ಚಲಿಲ್ಲ. ಏಣಿ ಹಾಕಿ ಮಾಳಿಗೆ ಹತ್ತಿ, ದೋಣಿಗೆ ಕಲ್ಲು ಜಡಿದು ಗಾರೆ ಮೆತ್ತಿ ಇಳಿದು ಬಂದ. ಊರು ಅವನ ತಾಳ್ಮೆಯನ್ನು ಹೊಗಳಿತು. ಹೊಗಳಿಕೆ ಅವನಿಗೂ ಕಹಿಯಾಗಿರಲಿಲ್ಲ.

ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಮಳೆ ಮಾತ್ರ ನಿಲ್ಲಲಿಲ್ಲ. ಮಾಳಿಗೆಯ ಮೇಲೆ ನಿಂತ ನೀರು ದಾರಿ ಕಾಣದೆ ಗೋಡೆಯೊಳಗೆ ಇಳಿಯತೊಡಗಿತು.

ಮೂರನೆಯ ವರ್ಷ ತಮ್ಮ ಹೇಳಿಕಳಿಸಿದ: ಗೋಡೆ ನಮ್ಮ ಕಡೆ ಉಬ್ಬಿದೆ, ಒಮ್ಮೆ ಬಂದು ನೋಡು. ವ್ಯಾಪಾರಿ ಯಾರ ಮಾತನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಜವಳಿ ಕೋಣೆಗೆ ಹೋಗಿ, ಆ ಗೋಡೆಯ ಪಕ್ಕದಲ್ಲಿ ಮೇಲಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟ. ದಾರಕ್ಕೂ ಗೋಡೆಗೂ ಮೇಲೆ ಎಷ್ಟು ಅಂತರವಿತ್ತೋ ಕೆಳಗೂ ಅಷ್ಟೇ ಇತ್ತು. ನನ್ನ ಗೋಡೆ ನೆಟ್ಟಗಿದೆ, ಡೊಂಕಿದ್ದರೆ ಅವನ ಕಣ್ಣಿನಲ್ಲಿರಬೇಕು ಎಂದು ಉತ್ತರ ಕಳಿಸಿದ. ತಮ್ಮನ ಅಂಗಳಕ್ಕೆ ಕಾಲಿಟ್ಟು ನೋಡಲು ಅವನ ಮನಸ್ಸು ಒಪ್ಪಲಿಲ್ಲ. ಮರುವರ್ಷ ಮತ್ತೆ ಹೇಳಿಕೆ ಬಂತು. ಮತ್ತೆ ಗುಂಡು ಇಳಿಯಿತು, ಮತ್ತೆ ಅದೇ ಉತ್ತರ ಹೋಯಿತು. ಅವನು ಸುಳ್ಳು ಹೇಳಲಿಲ್ಲ, ಅದನ್ನೂ ಗಮನಿಸು. ಮೂರನೆಯ ಸಲ ತಮ್ಮ ಯಾರನ್ನೂ ಕಳಿಸಲಿಲ್ಲ. ಅಂತೂ ಬುದ್ಧಿ ಬಂತು ಎಂದುಕೊಂಡು ವ್ಯಾಪಾರಿ ನೆಮ್ಮದಿಯಾಗಿದ್ದ.

ಐದನೆಯ ಮಳೆಗಾಲ ಕಳೆದ ಮೇಲೆ ಆ ಗೋಡೆಗೆ ಒತ್ತಿ ಇಟ್ಟಿದ್ದ ಸೀರೆಯ ಗಂಟುಗಳೆಲ್ಲ ಬೂಷ್ಟು ಹಿಡಿದವು. ತಮ್ಮನ ಮಾತಿಗೆ ಅಲುಗದವನು ಸೀರೆಗಳಿಗಾಗಿ ಗೌಂಡಿಯನ್ನು ಕರೆಸಿದ. ಗೌಂಡಿ ಮುದುಕ, ಗೋಡೆ ಕಟ್ಟಿ ಕಟ್ಟಿ ಕೈ ಒರಟಾಗಿದ್ದವನು. ಅವನು ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟಿ ಕಿವಿಗೊಟ್ಟು ಕೇಳಿದ. ಸದ್ದು ಟೊಳ್ಳಾಗಿತ್ತು.

"ಗುಂಡು ಬಿಟ್ಟು ನೋಡಿದ್ದೇನಪ್ಪಾ, ಕೂದಲೆಳೆಯಷ್ಟೂ ವಾಲಿಲ್ಲ" ಎಂದ ವ್ಯಾಪಾರಿ.

"ಒಳಗಿಂದ ನೋಡಿದ್ರ ಹ್ಯಾಂಗ ಗೊತ್ತಾಗತೈತ್ರೀ ಸಾವ್ಕಾರ್ರ? ಹಳೇ ಗ್ವಾಡಿಗೆ ಎರಡು ಮೈ ಇರತಾವ. ನಡುವ ಬರೇ ಮಣ್ಣು. ನೀರು ಕುಡಿದ ಮಣ್ಣು ಹೊರಗಿನ ಮೈಯನ್ನ ದೂಡತೈತಿ, ಒಳಗಿನ ಮೈ ಇದ್ದಲ್ಲೇ ಇರತೈತಿ. ಬರ್ರಿ, ಆ ಕಡೆಯಿಂದ ನೋಡೂಣು."

ವ್ಯಾಪಾರಿ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ. ಗೌಂಡಿ ಹಿಂದೆ ತಿರುಗಿ ನೋಡದೆ ನಡೆದುಬಿಟ್ಟಿದ್ದರಿಂದ, ಬೇರೆ ದಾರಿಯಿಲ್ಲದೆ ಅವನೂ ಹೋದ.

ಐದು ವರ್ಷದ ಮೇಲೆ ಅವನು ತಮ್ಮನ ಅಂಗಳದಲ್ಲಿ ನಿಂತು ತನ್ನ ಗೋಡೆಯನ್ನು ನೋಡಿದ. ಅದು ತುಂಬಿದ ಬಸುರಿಯ ಹೊಟ್ಟೆಯಂತೆ ಮುಂದಕ್ಕೆ ಬಂದಿತ್ತು. ಆ ಉಬ್ಬಿಗೆ ಆರು ಕಂಬಗಳನ್ನು ಓರೆಯಾಗಿ ಆನಿಸಿ, ಬುಡಕ್ಕೆ ಕಲ್ಲು ಹುಗಿದು ಭದ್ರ ಮಾಡಿದ್ದರು. ಕಂಬಗಳಲ್ಲಿ ದನ ಕಟ್ಟುವ ಹಗ್ಗ ಸವೆಸಿದ ಗುರುತಿತ್ತು. ಅಂಗಳದ ಮೂಲೆಯಲ್ಲಿ ತಮ್ಮನ ಕೊಟ್ಟಿಗೆಯ ಸೂರು ನೆಲ ಹಿಡಿದಿತ್ತು. ಎರಡು ಎತ್ತು, ಒಂದು ಹಸು ಬಯಲಿನಲ್ಲಿ ನಿಂತಿದ್ದವು.

"ಈ ಕಂಬ ಇಲ್ಲದಿದ್ರ ಹೋದ ಮಳೆಗಾಲಕ್ಕ ನಿಮ್ಮ ಮನಿ ಕುಂತುಬಿಡತಿತ್ತು" ಎಂದ ಗೌಂಡಿ.

ಅಷ್ಟರಲ್ಲಿ ತಮ್ಮ ಹೊರಗೆ ಬಂದ. ವ್ಯಾಪಾರಿಗೆ ಅವನ ಮುಖ ನೋಡಲು ನಾಚಿಕೆಯಾಯಿತು. ಕಂಬಗಳನ್ನು ನೋಡುತ್ತಲೇ, "ಇದನ್ನ ಯಾಕ ಮಾಡಿದಿ?" ಎಂದ.

"ಆ ಗ್ವಾಡಿ ಹಿಂದ ನೀವೆಲ್ಲ ಮಲಗತೀರಿ, ಯಣ್ಣಾ. ಹ್ಯಾಂಗ ಬಿಡ್ಲಿ?"

ವ್ಯಾಪಾರಿ ಗೌಂಡಿಯ ಕೈಯಿಂದ ಸುತ್ತಿಗೆ ಇಸಿದುಕೊಂಡು ತಾನೇ ಮಾಳಿಗೆ ಹತ್ತಿದ. ದೋಣಿಯ ಬಾಯಲ್ಲಿದ್ದ ಗಾರೆಯನ್ನು ಒಡೆದು ತೆಗೆದ. ಕೆಳಗೆ ನೀರು ಬೀಳುವ ಜಾಗದಿಂದ ಬೀದಿಯವರೆಗೆ ತಮ್ಮ ಕಾಲುವೆ ತೋಡಿದ; ಮೊದಲೇ ತೋಡಬಹುದಿತ್ತು ಎಂದು ಅವನಿಗೂ ಅನ್ನಿಸಿತು. ಆಮೇಲೆ ಗೌಂಡಿ ಹೊರಮೈಯನ್ನು ಒಂದೊಂದೇ ಕಲ್ಲಾಗಿ ಬಿಚ್ಚಿ, ಎರಡು ಮೈಯನ್ನೂ ಹಿಡಿದುಕೊಳ್ಳುವಷ್ಟು ಉದ್ದದ ಕಲ್ಲುಗಳನ್ನು ನಡುನಡುವೆ ಸೇರಿಸಿ ಮತ್ತೆ ಕಟ್ಟಿದ. ಕಂಬಗಳು ಕೊಟ್ಟಿಗೆಗೆ ಹಿಂತಿರುಗಿದವು.

ಗುರುಗಳು ಕತೆ ಮುಗಿಸಿ ಎದ್ದರು.

"ತಿಳಿಯಿತು, ಗುರುಗಳೇ," ಎಂದ ಶಂಭುಲಿಂಗ. "ಆದರೆ ಆ ವ್ಯಾಪಾರಿಗೆ ಕಂಬ ಕೊಟ್ಟ ತಮ್ಮನಿದ್ದ. ಅಡಿವೆಯ್ಯ ನನಗೇನು ಕೊಟ್ಟಿದ್ದಾನೆ?"

ಗುರುಗಳು ಬಾಗಿಲಲ್ಲಿ ನಿಂತು ಕೇಳಿದರು: "ಎರಡು ವರ್ಷದಿಂದ ಬಾವಿಗೆ ಹೋಗದ ನಿನ್ನ ಕೊಡ ದಿನಾ ಬೆಳಿಗ್ಗೆ ತುಂಬಿರುತ್ತದಲ್ಲ, ತುಂಬಿಸುವವರು ಯಾರು?"

ಶಂಭುಲಿಂಗ ಎದ್ದು, ಅಡಿವೆಯ್ಯನನ್ನು ಹುಡುಕಿಕೊಂಡು ಬಾವಿಯ ಕಡೆ ನಡೆದ.