ತರಬೇಡವೆಂದ ಡಬ್ಬಿ

“ನಾನು ಮೂರು ಸಲ ಮಾತು ಆರಂಭಿಸಿದೆ, ಮೂರು ಸಲವೂ ನೀನು ನಡುವೆ ಬಾಯಿ ಹಾಕಿದೆ. ನಿನ್ನ ಮಗುವಾದರೂ ಹಾಲು ಕುಡಿಯುವಾಗ ಸುಮ್ಮನಿರುತ್ತದೆ, ನಿಂಬವ್ವ” ಎಂದರು ಗುರುಗಳು. “ಏನು ಕೇಳಬೇಕೋ ಕೇಳಿಬಿಡು.”

ನಿಂಬವ್ವ ಮಗುವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು. “ಸಾಮಾನು ತುಂಬಿಕೊಟ್ಟ ಡಬ್ಬಿ, ಬಾಟಲಿಯನ್ನು ತೊಳೆದು ಅಂಗಡಿಗೇ ತಿರುಗಿ ಕೊಡಬೇಕಂತೆ. ಊರಿನಲ್ಲಿ ಹೊಸ ಕಟ್ಟಳೆ. ಬಿಸಾಡಿದರೆ ಮುಗಿಯಿತಲ್ಲ, ಗುರುಗಳೇ? ಮನೆಯ ಮುಸುರೆಯೇ ಮುಗಿಯುವುದಿಲ್ಲ, ಅಂಗಡಿಯ ಮುಸುರೆಯನ್ನೂ ನಾವೇ ತಿಕ್ಕಬೇಕೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಣ್ಣುಮಗಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಅವಳ ತಾಯಿ ತಿಂಗಳಿಗೊಮ್ಮೆ ತನ್ನೂರಿನ ಗಾಣದ ಎಣ್ಣೆಯನ್ನು ತಂಬಿಗೆಯಲ್ಲಿ ತುಂಬಿ, ಸಂತೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಅತ್ತೆ ಬೇರೆ ಯಾವ ಕಾರಣಕ್ಕೂ ಸೊಸೆಯನ್ನು ತವರಿಗೆ ಕಳಿಸುವವಳಲ್ಲ. ಆದರೆ ಬೀಗರ ಪಾತ್ರೆ ಮನೆಯಲ್ಲಿ ಉಳಿದರೆ ಅವಳಿಗೆ ಮರ್ಯಾದೆಯ ಪ್ರಶ್ನೆ. “ಕೊಟ್ಟು ಬಾ” ಎನ್ನುತ್ತಿದ್ದಳು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಸೊಸೆ ತಂಬಿಗೆ ತೊಳೆದು, ಒಂದು ಹಿಡಿ ಅಲಸಂದೆ ಹಾಕಿಕೊಂಡು ಹೊಳೆ ದಾಟುತ್ತಿದ್ದಳು.

ಒಂದು ವರ್ಷ ಗಾಣದವನು ಎಣ್ಣೆಯನ್ನು ತೆಳು ಡಬ್ಬಿಗಳಲ್ಲಿ ಮಾರತೊಡಗಿದ. ತಾಯಿಗೆ ಸಂತೋಷವಾಯಿತು. ಮಗಳು ಬಿಸಿಲಲ್ಲಿ ತಂಬಿಗೆ ಹೊತ್ತು ನಡೆಯುವುದು ತಪ್ಪಿತು ಎಂದುಕೊಂಡಳು. ಎಣ್ಣೆಯ ಜೊತೆಗೆ, “ಡಬ್ಬಿ ತಿರುಗಿ ತರಬೇಡ” ಎಂದು ಹೇಳಿ ಕಳಿಸಿದಳು.

“ತರಬೇಡ ಎಂದ ಮೇಲೆ ಹೋಗುವುದೇಕೆ?” ಎಂದಳು ಅತ್ತೆ.

ಎಂಟು ತಿಂಗಳು ಕಳೆಯಿತು. ಎಂಟು ಡಬ್ಬಿ ಬಂದವು. ಅದೇ ಗಾಣದ ಎಣ್ಣೆ ಕೊಳ್ಳುತ್ತಿದ್ದ ಊರವರು ತಮ್ಮ ತಮ್ಮ ಡಬ್ಬಿಗಳನ್ನು ಕಾಲುವೆಗೆ ಎಸೆದರು. ಸೊಸೆ ಮಾತ್ರ ತೊಳೆದು ಸೂರಿನ ಕೆಳಗೆ ಬೋರಲು ಹಾಕಿದಳು.

“ಡಬ್ಬಿ ಜೋಡಿಸಿದರೆ ತವರಿಗೆ ಸೇತುವೆ ಆಗುತ್ತದೆಯೇನೇ?” ಎಂದು ಅತ್ತೆ ಚುಚ್ಚಿದಳು. ಸೊಸೆ ಒಂಬತ್ತನೆಯದಕ್ಕೆ ಜಾಗ ಬಿಟ್ಟಳು.

ಮಳೆಗಾಲದಲ್ಲಿ ಕಾಲುವೆ ಕಟ್ಟಿಕೊಂಡು ನೀರು ಓಣಿಗೆ ನುಗ್ಗಿತು. ಎರಡೂ ಊರಿನ ಹಿರಿಯರು ಸೇರಿ ಡಂಗುರ ಹೊಡೆಸಿದರು. ಡಬ್ಬಿಯನ್ನು ಮಾರಿದವನಿಗೇ ತಿರುಗಿ ತಲುಪಿಸಬೇಕು, ಅವನು ಅದನ್ನೇ ಮತ್ತೆ ತುಂಬಬೇಕು. ಊರೆಲ್ಲ ಗೊಣಗಿತು. ಸೊಸೆ ಡಂಗುರ ಓಣಿ ದಾಟುವ ಮೊದಲೇ ಎಂಟೂ ಡಬ್ಬಿಗಳನ್ನು ಗಂಟು ಕಟ್ಟಿ ಅತ್ತೆಯ ಮುಂದೆ ನಿಂತಳು.

“ಕಟ್ಟಳೆ ಎಂದ ಮೇಲೆ ಹೋಗಲೇಬೇಕಲ್ಲ” ಎಂದಳು ಅತ್ತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿಂಬವ್ವನಿಗೆ ತಡೆಯಲಾಗಲಿಲ್ಲ. “ತಾಯಿ ಸಿಕ್ಕಳೇ? ಏನೆಂದಳು?”

“ಗಂಟು ಕಂಡೊಡನೆ ತಾಯಿ ಮಗಳನ್ನು ಒಂದೇ ಮಾತು ಕೇಳಿದಳು. ಉತ್ತರ ನಿನ್ನ ಬಳಿ ಇದೆಯೇನು ನೋಡು: ‘ಡಬ್ಬಿ ತರಬೇಡ ಎಂದಿದ್ದೆ, ನೀನು ಬರಬೇಡ ಎಂದಿದ್ದೆನೇ?’”